ಮಲ್ಪೆ ಐಸ್ ಪ್ಲಾಂಟಿನ ಬೋರ್ಡು ಮತ್ತು ತಾಳೆಯಾಗದ ಆರ್‌ಪಿಎಂಬಿ ಕೀ: ಒಂದು ರಿಪೇರಿ ದಾಖಲೆ

ಮಲ್ಪೆ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿನಲ್ಲಿ ನಾವು ಕೂರಿಸಿದ ಗೇಟ್‌ವೇ ಬೋರ್ಡು ಇದೆ. ಬ್ರೈನ್ (ಉಪ್ಪುನೀರಿನ) ಟ್ಯಾಂಕಿನ ಉಷ್ಣತೆ, ಅಮೋನಿಯಾ ಕಂಪ್ರೆಸರಿನ ಒತ್ತಡ, ಮೋಟರು ಎಳೆಯುವ ಕರೆಂಟು, ಇವನ್ನು ಆರ್‌ಎಸ್-485 ತಂತಿಯಲ್ಲಿ ಓದಿ 4ಜಿ ಮೋಡೆಮ್ ಮೂಲಕ ಮಾಲೀಕರ ಫೋನಿಗೆ ಕಳಿಸುವುದು ಅದರ ಕೆಲಸ. ಕೆಲಸ ಸರಿಯಾಗಿಯೇ ನಡೆಯುತ್ತಿತ್ತು. ಸಾಫ್ಟ್‌ವೇರ್ ಅಪ್‌ಡೇಟ್ ಮಾತ್ರ ಉಳಿಯುತ್ತಿರಲಿಲ್ಲ. ಹೊಸದು ಡೌನ್‌ಲೋಡ್ ಆಗುತ್ತದೆ, ಎರಡನೇ ಸ್ಲಾಟಿಗೆ (ಸಾಫ್ಟ್‌ವೇರ್ ಇಡುವ ಎರಡು ಜಾಗಗಳಲ್ಲಿ ಎರಡನೆಯದು) ಬರೆದೂ ಆಗುತ್ತದೆ, ರೀಬೂಟ್ ಆದ ಮೇಲೆ ನೋಡಿದರೆ ಹಳೆಯದೇ ಓಡುತ್ತಿರುತ್ತದೆ. ಪ್ಲಾಂಟಿನ ಆಪರೇಟರ್ ಫೋನ್ ಮಾಡಿ, "ಮಾರಾಯ್ರೆ, ಹೊಸದು ಹಾಕಿದ್ದೇವೆ ಅಂತೀರಿ, ಸ್ಕ್ರೀನಿನಲ್ಲಿ ಹಳೇ ನಂಬರೇ ಉಂಟಲ್ಲ?" ಎಂದು ಕೇಳಿದರು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಐಸ್ ಪ್ಲಾಂಟುಗಳಿಗೂ ಕೆಲಸ ಕಡಿಮೆ. ಹಾಗಾಗಿ ಬೋರ್ಡು ಬಿಚ್ಚಿ ಮಂಗಳೂರಿನ ನಮ್ಮ ವರ್ಕ್‌ಶಾಪಿಗೆ ತರಲು ಒಪ್ಪಿಗೆ ಸಿಕ್ಕಿತು. ಇಂಥ ತೊಂದರೆಯನ್ನು ಪ್ಲಾಂಟಿನಲ್ಲೇ ಕೂತು ಹುಡುಕಲು ಆಗುವುದಿಲ್ಲ.

ಬೋರ್ಡಿನ ಒಳಗೆ ಏನಿದೆ ಎಂದು ಮೊದಲು ಹೇಳುತ್ತೇನೆ. 64-ಬಿಟ್ ಆರ್ಮ್ ಚಿಪ್, 8 ಜಿಬಿ ಇಎಂಎಂಸಿ (ಬೋರ್ಡಿಗೆ ಬೆಸೆದ ಮೆಮೊರಿ ಚಿಪ್), ಲಿನಕ್ಸನ್ನು ಎತ್ತಿ ಓಡಿಸುವ ಬೂಟ್‌ಲೋಡರ್ ಆಗಿ ಯು-ಬೂಟ್, ಅದರ ಪಕ್ಕದಲ್ಲಿ ಚಿಪ್ಪಿನ ಸುರಕ್ಷಿತ ಭಾಗದಲ್ಲಿ, ಲಿನಕ್ಸಿಗೆ ಕೈಗೆಟುಕದಂತೆ ಓಡುವ ಆಪ್-ಟೀ ಎಂಬ ಸಣ್ಣ ಸಾಫ್ಟ್‌ವೇರ್. ಯಾವ ಸ್ಲಾಟಿನಿಂದ ಬೂಟ್ ಆಗಬೇಕು ಎನ್ನುವುದು ಯುಇಎಫ್‌ಐ (ಬೂಟ್ ಆಗುವ ರೀತಿಯ ಒಂದು ಮಾನಕ) ವೇರಿಯಬಲ್‌ಗಳಲ್ಲಿ ಇರುತ್ತದೆ. ಬೂಟ್‌ಆರ್ಡರ್, ಬೂಟ್‌ನೆಕ್ಸ್ಟ್ ಎಂಬ ಹೆಸರುಗಳನ್ನು ಪಿಸಿಯಲ್ಲೂ ನೋಡಿರುತ್ತೀರಿ. ಸಹಿ ಸರಿಯಿರುವ ಸಾಫ್ಟ್‌ವೇರನ್ನು ಮಾತ್ರ ಓಡಿಸುವ ಸೆಕ್ಯೂರ್ ಬೂಟಿನ ಪಿಕೆ, ಕೆಇಕೆ, ಡಿಬಿ ಕೀಗಳೂ ಇದೇ ವೇರಿಯಬಲ್‌ಗಳ ಸಾಲಿನಲ್ಲೇ ಕೂತಿರುತ್ತವೆ.

ಪಿಸಿಯ ಮದರ್‌ಬೋರ್ಡಿನಲ್ಲಿ ಇವಕ್ಕೆಂದೇ ಫ್ಲ್ಯಾಶ್ ಚಿಪ್ ಇರುತ್ತದೆ. ಲಿನಕ್ಸ್ ಓಡುವಾಗ ಯಾರೂ ಸುಮ್ನೆ ಕೈ ಹಾಕದಂತೆ ಕಾವಲೂ ಇರುತ್ತದೆ. ನಮ್ಮಂಥ ಸಣ್ಣ ಬೋರ್ಡುಗಳಲ್ಲಿ ಆ ಸೌಕರ್ಯ ಸಾಮಾನ್ಯವಾಗಿ ಇಲ್ಲ. ಇರುವ ಒಂದೇ ಇಎಂಎಂಸಿಯನ್ನು ಲಿನಕ್ಸ್ ಪೂರ್ತಿ ಹಿಡಿದುಕೊಂಡಿರುತ್ತದೆ. ಅದರೊಳಗೇ ಸುರಕ್ಷಿತ ಜಾಗ ಬೇಕೆಂದರೆ ಆರ್‌ಪಿಎಂಬಿ ಎಂಬ ವಿಭಾಗವನ್ನು ಬಳಸಬೇಕು.

ಈ ಆರ್‌ಪಿಎಂಬಿ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿಲ್ಲದೆ ಮುಂದಿನದು ಅರ್ಥ ಆಗುವುದಿಲ್ಲ. ಇದು ಇಎಂಎಂಸಿಯ ಒಳಗಿನ ಸಣ್ಣ ವಿಭಾಗ, ನಮ್ಮ ಚಿಪ್ಪಿನಲ್ಲಿ 4 ಎಂಬಿ. ಅದಕ್ಕೆ 32 ಬೈಟಿನ ಒಂದು ಕೀ ಕೊಡಬೇಕು. ಆ ಕೀಯನ್ನು ಚಿಪ್ಪಿನ ಆಯುಷ್ಯದಲ್ಲಿ ಒಂದೇ ಸಲ ಬರೆಯಬಹುದು. ಬರೆದ ಮೇಲೆ ಓದಲು ಆಗುವುದಿಲ್ಲ, ಅಳಿಸಲೂ ಆಗುವುದಿಲ್ಲ. ಆಮೇಲೆ ಬರುವ ಪ್ರತಿ ಬರವಣಿಗೆಯ ಜೊತೆ ಆ ಕೀಯಿಂದ ಲೆಕ್ಕ ಹಾಕಿದ ಎಚ್‌ಮ್ಯಾಕ್ ಸಹಿ ಇರಲೇಬೇಕು. ಆ ಸಹಿ ಹಾಕುವುದು ಆಪ್-ಟೀ; ಅದರ ಕೀ ತಾಳೆಯಾಗದಿದ್ದರೆ ವೇರಿಯಬಲ್‌ಗಳೂ ಸಿಗುವುದಿಲ್ಲ. ಒಂದು ಕೌಂಟರೂ ಇದೆ. ಸರಿಯಾದ ಸಹಿಯ ಬರವಣಿಗೆ ಒಂದು ಆದರೆ ಕೌಂಟರ್ ಒಂದು ಏರುತ್ತದೆ. ಇಳಿಯುವುದೇ ಇಲ್ಲ. ಪುಟಸಂಖ್ಯೆ ಅಚ್ಚು ಹಾಕಿದ ಲೆಕ್ಕದ ಪುಸ್ತಕದ ಹಾಗೆ: ಹಾಳೆ ಹರಿದರೂ ಗೊತ್ತಾಗುತ್ತದೆ, ಹಳೇ ಹಾಳೆಯನ್ನು ತಂದು ಸೇರಿಸಿದರೂ ಗೊತ್ತಾಗುತ್ತದೆ. ಲಿನಕ್ಸಿನಲ್ಲಿ ರೂಟ್ (ಪೂರ್ಣ) ಅಧಿಕಾರ ಸಿಕ್ಕವನೂ ಆಪ್-ಟೀಯನ್ನು ದಾಟಿ ಇದರೊಳಗಿನದನ್ನು ನೇರವಾಗಿ ತಿದ್ದಲಾರ, ಹಳೇ ಪ್ರತಿಯನ್ನು ತಂದು ಹಾಕಲಾರ. ನನಗೆ ಈ ವಿನ್ಯಾಸ ತುಂಬಾ ಇಷ್ಟ. ಬೇರೆ ಚಿಪ್ ಸೇರಿಸದೆ, ಇರುವ ಮೆಮೊರಿಯಲ್ಲೇ ಇಷ್ಟು ಗಟ್ಟಿ ಕಾವಲು ಸಿಗುತ್ತದೆ ಅಲ್ವಾ.

ಬೋರ್ಡು ಬಿಚ್ಚಿದಾಗ

ಡಬ್ಬಿ ತೆರೆದ ಕೂಡಲೇ ಕನೆಕ್ಟರುಗಳ ಮೇಲೆ ಹಸಿರು ಹುಡಿ ಕಂಡಿತು. ಮಲ್ಪೆಯ ಉಪ್ಪುಗಾಳಿ ಒಂದು ಕಾರಣ. ಅದರ ಮೇಲೆ ಅಮೋನಿಯಾ. ತೇವ ಇದ್ದಲ್ಲಿ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಐಸ್ ಪ್ಲಾಂಟಿನ ಪೈಪುಗಳು ಉಕ್ಕಿನವು ಆಗಿರುವುದು ಇದೇ ಕಾರಣಕ್ಕೆ. ಬೋರ್ಡಿನಲ್ಲಿ ತಾಮ್ರ ಬಿಟ್ಟರೆ ಗತಿ ಇಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ಕನ್ಸೋಲ್ ಪಿನ್ನುಗಳ ಮೇಲಿನ ಲೇಪನ ಕೆರೆದು ತೆಗೆದೆ. ಈ ಬೋರ್ಡಿನ ಸೀರಿಯಲ್ ಪಿನ್ನುಗಳು 1.8 ವೋಲ್ಟಿನವು. ಸಾಮಾನ್ಯವಾಗಿ ಸಿಗುವ 3.3 ವೋಲ್ಟಿನ ಕೇಬಲ್ ಹಾಕಿದರೆ ಚಿಪ್ಪಿಗೇ ಪೆಟ್ಟು. 1.8ರ ಕೇಬಲ್ ಹಾಕಿ, ವೇಗ 115200ಕ್ಕೆ ಇಟ್ಟು, ಪವರ್ ಕೊಟ್ಟೆ.

ಯು-ಬೂಟ್ ಸರಾಗವಾಗಿ ಬಂತು. ನಡುವೆ ಒಂದು ಸಾಲು: ಯುಇಎಫ್‌ಐ ವ್ಯವಸ್ಥೆಯನ್ನು ಶುರು ಮಾಡಲು ಆಗಲಿಲ್ಲ. ಆಮೇಲೆ ಬೂಟ್ ಸ್ಕ್ರಿಪ್ಟ್ ಬದಲಿ ದಾರಿ ಹಿಡಿದು, ಮೊದಲ ಸ್ಲಾಟಿನ ಸಹಿ ಹಾಕಿದ ಇಮೇಜನ್ನು ನೇರವಾಗಿ ಎತ್ತಿಕೊಂಡಿತು. ಲಿನಕ್ಸ್ ಬಂದ ಮೇಲೆ ಬೂಟ್ ವೇರಿಯಬಲ್‌ಗಳನ್ನು ತೋರಿಸುವ ಇಎಫ್‌ಐಬೂಟ್‌ಎಂಜಿಆರ್ ಆಜ್ಞೆ ಓಡಿಸಿದರೆ, ಈ ಸಿಸ್ಟಮ್ಮಿನಲ್ಲಿ ಇಎಫ್‌ಐ ವೇರಿಯಬಲ್‌ಗಳಿಗೆ ಬೆಂಬಲವೇ ಇಲ್ಲ ಎಂಬ ಉತ್ತರ. ಅಪ್‌ಡೇಟ್ ಯಾಕೆ ಉಳಿಯುತ್ತಿಲ್ಲ ಎನ್ನುವುದು ಇಷ್ಟಕ್ಕೇ ಗೊತ್ತಾಯಿತು. ಎರಡನೇ ಸ್ಲಾಟಿನಿಂದ ಹೊರಡು ಎಂದು ಬರೆದಿಡಲು ಜಾಗವೇ ಇಲ್ಲ. ಬದಲಿ ದಾರಿಗೆ ಮೊದಲ ಸ್ಲಾಟು ಬಿಟ್ಟು ಬೇರೆ ಗೊತ್ತಿಲ್ಲ.

ಇಲ್ಲಿ ಒಂದು ಮಾತು. ಯು-ಬೂಟಿನ ಸ್ವಂತ ಎನ್ವಿರಾನ್‌ಮೆಂಟ್ (ಅದರದೇ ಸೆಟ್ಟಿಂಗ್‌ಗಳು) ಬೇರೆ, ಯುಇಎಫ್‌ಐ ವೇರಿಯಬಲ್‌ಗಳು ಬೇರೆ. ಎರಡನ್ನೂ ಒಂದೇ ಎಂದುಕೊಂಡು ಅಲೆದವರನ್ನು ತುಂಬಾ ನೋಡಿದ್ದೇನೆ. ಎನ್ವಿರಾನ್‌ಮೆಂಟ್ ಕೆಟ್ಟರೆ ಸಿಆರ್‌ಸಿ (ತಪಾಸಣೆಯ ಮೊತ್ತ) ಸರಿಯಿಲ್ಲ, ಡಿಫಾಲ್ಟ್ ಬಳಸುತ್ತಿದ್ದೇನೆ ಎಂಬ ಸಾಲು ಬರುತ್ತದೆ. ಈ ಬೋರ್ಡಿನಲ್ಲಿ ಆ ಸಾಲು ಇರಲಿಲ್ಲ. ಎನ್ವಿರಾನ್‌ಮೆಂಟ್ ಚೆನ್ನಾಗಿತ್ತು. ಸಿಆರ್‌ಸಿ ಹೇಳುವುದು ಡೇಟಾ ಕೆಟ್ಟಿದೆಯೋ ಇಲ್ಲವೋ ಎಂದು ಮಾತ್ರ. ಯಾರಾದರೂ ಬೇಕೆಂದೇ ತಿದ್ದಿ, ಹೊಸ ಸಿಆರ್‌ಸಿ ಹಾಕಿ ಇಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ.

ಮೌನ ಮುರಿಸಿದ್ದು

ಮಾರುಕಟ್ಟೆಗೆ ಹೋಗುವ ಬೋರ್ಡುಗಳಲ್ಲಿ ಆಪ್-ಟೀಯ ಲಾಗ್ ಮುಚ್ಚಿರುತ್ತದೆ. ಏನು ತಪ್ಪಿದೆ ಎಂದು ಅದು ಹೇಳುವುದಿಲ್ಲ. ಲಾಗ್ ಮಟ್ಟವನ್ನು 3ಕ್ಕೆ ಏರಿಸಿ ಆಪ್-ಟೀಯನ್ನು ಮತ್ತೆ ಬಿಲ್ಡ್ ಮಾಡಿದೆ. ಸಹಿ ಹಾಕುವ ಕೀ ನಮ್ಮಲ್ಲೇ ಇದ್ದುದರಿಂದ ಸಹಿ ಹಾಕಿ, ಯುಎಸ್‌ಬಿ ಡೌನ್‌ಲೋಡ್ ಮೋಡಿನಲ್ಲಿ ನೇರ ರ‍್ಯಾಮಿಗೆ ಹಾಕಿ ಓಡಿಸಿದೆ. ಬಿಲ್ಡ್ ಮಾಡುವಾಗ ಆರ್‌ಪಿಎಂಬಿ ಕೀ ಬರೆಯುವ ಆಯ್ಕೆ ಆಫ್ ಆಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಅದು ಆನ್ ಇದ್ದು, ಚಿಪ್ ಖಾಲಿ ಇದ್ದರೆ, ತಪಾಸಣೆ ಮಾಡಲು ಹೋದವರು ಶಾಶ್ವತವಾಗಿ ಒಂದು ಕೀ ಬರೆದು ಬಂದಂತೆ ಆಗುತ್ತದೆ.

ಈಗ ಲಾಗ್ ಬಾಯಿ ಬಿಟ್ಟಿತು. ಕೀ ಪರೀಕ್ಷೆ ಸೋತಿದೆ, ಇಲ್ಲಿರುವ ಕೀ ಸಾಧನದ ಕೀಗೆ ಹೊಂದುತ್ತದೆಯೇ ಖಾತ್ರಿ ಮಾಡಿಕೊಳ್ಳಿ, ಎಂದು ಎರಡು ಸಾಲು.

ಆಪ್-ಟೀ ಈ ಕೀಯನ್ನು ಎಲ್ಲೂ ಸಂಗ್ರಹಿಸಿ ಇಡುವುದಿಲ್ಲ. ಪ್ರತಿ ಸಲ ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಎರಡು ವಸ್ತು ಬೇಕು. ಒಂದು, ಮುಖ್ಯ ಚಿಪ್ಪಿನ ಒಳಗೆ ಹುದುಗಿರುವ ಎಚ್‌ಯುಕೆ ಎಂಬ ಗುಟ್ಟಿನ ಸಂಖ್ಯೆ. ಪ್ರತಿ ಚಿಪ್ಪಿಗೂ ಅದು ಬೇರೆ. ಇನ್ನೊಂದು, ಇಎಂಎಂಸಿಯ ಸಿಐಡಿ, ಅಂದರೆ ಅದರ ಗುರುತಿನ ಸಂಖ್ಯೆ. ಇಎಂಎಂಸಿಯ ಫರ್ಮ್‌ವೇರ್ ಅಪ್‌ಡೇಟ್ ಆದರೆ ಸಿಐಡಿಯ ಆವೃತ್ತಿ ಭಾಗವೂ ಸಿಆರ್‌ಸಿಯೂ ಬದಲಾಗಬಹುದು. ಅದಕ್ಕೇ ಆ ಎರಡನ್ನು ಸೊನ್ನೆ ಮಾಡಿಕೊಂಡು ಲೆಕ್ಕ ಹಾಕುತ್ತಾರೆ. ಯಾರೋ ಚೆನ್ನಾಗಿ ಯೋಚಿಸಿ ಬರೆದ ಕೋಡು. ಒಟ್ಟಿನಲ್ಲಿ ಈ ಚಿಪ್ಪಿಗೆ ಈ ಇಎಂಎಂಸಿ ಎಂದು ಜೋಡಿ ಬಿದ್ದುಬಿಡುತ್ತದೆ. ಒಂದನ್ನು ಬದಲಿಸಿದರೆ ಜೋಡಿ ಒಡೆಯುತ್ತದೆ.

ಹಾಗಾದರೆ ಯಾವುದು ಬದಲಾಗಿದೆ? ಕೆಲವು ಚಿಪ್ಪುಗಳಲ್ಲಿ ಸೆಕ್ಯೂರ್ ಬೂಟಿನ ಫ್ಯೂಸ್ (ಚಿಪ್ಪಿನೊಳಗೆ ಒಮ್ಮೆ ಮಾತ್ರ ಬದಲಿಸಬಹುದಾದ ಗುರುತು) ಸುಡುವ ಮುಂಚೆ ಒಂದು ಪರೀಕ್ಷಾ ಎಚ್‌ಯುಕೆ, ಸುಟ್ಟ ಮೇಲೆ ನಿಜವಾದದ್ದು ಸಿಗುತ್ತದೆ. ಮೊದಲೇ ಆರ್‌ಪಿಎಂಬಿ ಕೀ ಬರೆದು, ಆಮೇಲೆ ಫ್ಯೂಸ್ ಸುಟ್ಟರೆ ಇದೇ ಲಕ್ಷಣ ಕಾಣುತ್ತದೆ. ನನ್ನ ಮೊದಲ ಗುಮಾನಿ ಅದರ ಮೇಲೆ. ವರ್ಕ್‌ಶಾಪಿನಲ್ಲಿ ಇದೇ ಮಾದರಿಯ ಸರಿಯಿರುವ ಬೋರ್ಡೊಂದು ಇತ್ತು. ಎರಡರ ಫ್ಯೂಸ್ ಸ್ಥಿತಿ ಹೋಲಿಸಿದೆ. ಎರಡೂ ಒಂದೇ. ಇನ್ನೊಂದು ಸಾಧ್ಯತೆ, ಆಪ್-ಟೀ ಬೇರೆಯೇ ಎಂಎಂಸಿ ಸಾಧನವನ್ನು ಮಾತಾಡಿಸುತ್ತಿರುವುದು. ಎಸ್‌ಡಿ ಕಾರ್ಡ್ 1, ಇಎಂಎಂಸಿ 2 ಎಂದು ಇರುವ ಬೋರ್ಡಿನಲ್ಲಿ ಸಾಧನದ ಸಂಖ್ಯೆಯನ್ನು ಡಿಫಾಲ್ಟಾದ 0 ಎಂದೇ ಬಿಟ್ಟರೆ ಅದು ತಪ್ಪು ಬಾಗಿಲು ತಟ್ಟುತ್ತದೆ. ಅದೇ ಫರ್ಮ್‌ವೇರ್ ಸರಿಯಿರುವ ಬೋರ್ಡಿನಲ್ಲಿ ಓಡುತ್ತಿದೆ, ಆದ್ದರಿಂದ ಅದೂ ಹೋಯಿತು.

ಉಳಿದದ್ದು ಇಎಂಎಂಸಿ. ಹಿಂದಿನ ಸೀಸನ್ನಿನಲ್ಲಿ ಈ ಬೋರ್ಡಿನ ಇಎಂಎಂಸಿ ಕೆಟ್ಟು, ಪ್ಲಾಂಟಿನವರು ಹೊರಗಿನ ಒಂದು ಅಂಗಡಿಯಲ್ಲಿ ಚಿಪ್ ಬದಲಿಸಿದ್ದರು. ಬಿಲ್ಲಿನಲ್ಲಿ ಹೊಸ ಚಿಪ್ ಎಂದು ಬರೆದಿತ್ತು. ಹೊಸ ಚಿಪ್ ಆದರೆ ಅದರಲ್ಲಿ ಕೀಯೇ ಇರಬಾರದು. ಆಗ ಲಾಗಿನಲ್ಲಿ ಕೀ ಇನ್ನೂ ಬರೆದಿಲ್ಲ ಎಂದು ಬರಬೇಕಿತ್ತು. ಬಂದದ್ದು ಕೀ ಹೊಂದುತ್ತಿಲ್ಲ ಎಂದು. ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸದಲ್ಲೇ ಎಲ್ಲ ಇದೆ.

ಕೌಂಟರ್ ಹೇಳಿದ ಕತೆ

ಆರ್‌ಪಿಎಂಬಿ ಕೌಂಟರನ್ನು ಓದಲು ಕೀ ಬೇಡ. ಯು-ಬೂಟಿನಲ್ಲೂ ಅದಕ್ಕೆ ಆಜ್ಞೆ ಇದೆ, ಲಿನಕ್ಸಿನಲ್ಲಿ ಎಂಎಂಸಿ-ಯುಟಿಲ್ಸ್ ಇದೆ. ಓದುವುದರಿಂದ ಏನೂ ಕೆಡುವುದಿಲ್ಲ. ಕೀ ಬರೆಯದ ಚಿಪ್ ಆದರೆ ಉತ್ತರದ ಕೋಡ್ 7 ಬರುತ್ತದೆ. ಸಹಿ ತಾಳೆಯಾಗದಿದ್ದರೆ 2, ಕೌಂಟರ್ ತಪ್ಪಿದ್ದರೆ 3. ಈ ಮೂರು ಅಂಕಿ ನೆನಪಿದ್ದರೆ ಅರ್ಧ ಕೆಲಸ ಆದಂತೆ. ಇನ್ನೊಂದು ಎಚ್ಚರ: ಅದೇ ಎಂಎಂಸಿ-ಯುಟಿಲ್ಸ್‌ನಲ್ಲಿ ಕೀ ಬರೆಯುವ ಆಜ್ಞೆಯೂ ಪಕ್ಕದಲ್ಲೇ ಇದೆ. ಏನಾಗುತ್ತದೆ ನೋಡೋಣ ಎಂದು ಅದನ್ನು ಯಾರೂ ಮುಟ್ಟಬೇಡಿ.

ನಮ್ಮ ಬೋರ್ಡಿನಲ್ಲಿ 7 ಬರಲಿಲ್ಲ. ಕೌಂಟರ್ ಬಂತು, ಸಾವಿರ ದಾಟಿತ್ತು. ಸರಿಯಾದ ಕೀ ಇಟ್ಟುಕೊಂಡವರು ಯಾರೋ ಸಾವಿರಕ್ಕೂ ಜಾಸ್ತಿ ಸಲ ಇದರಲ್ಲಿ ಬರೆದಿದ್ದಾರೆ. ಈ ಬೋರ್ಡಿನ ಮುಖ್ಯ ಚಿಪ್ಪಿಗೆ ಆ ಕೀ ಗೊತ್ತೇ ಇಲ್ಲ. ಅಂದರೆ ಇಎಂಎಂಸಿ ಇಲ್ಲಿಗೆ ಬರುವ ಮುಂಚೆ ಬೇರೆ ಯಾವುದೋ ಬೋರ್ಡಿನಲ್ಲಿ ದುಡಿದಿದೆ. ಖಾತ್ರಿಗೆ ಇಎಕ್ಸ್‌ಟಿ-ಸಿಎಸ್‌ಡಿ, ಅಂದರೆ ಇಎಂಎಂಸಿ ತನ್ನ ಸ್ಥಿತಿಯನ್ನು ಬರೆದಿಡುವ ಪಟ್ಟಿ, ನೋಡಿದೆ. ಸವೆತದ ಅಂದಾಜು 3 ಎಂದಿತ್ತು, ಅದರ ಅರ್ಥ ಆಯುಷ್ಯದ 20ರಿಂದ 30 ಶೇಕಡಾ ಮುಗಿದಿದೆ. ಹೊಸದಾಗಿದ್ದರೆ 1 ಇರಬೇಕು. ಸಿಐಡಿಯೊಳಗಿನ ತಯಾರಿಕೆಯ ತಿಂಗಳೂ ಬಿಲ್ಲಿನ ತಾರೀಖಿಗಿಂತ ವರ್ಷಗಟ್ಟಲೆ ಹಿಂದಿನದು.

ಹಳೇ ಚಿಪ್ ಕಿತ್ತು, ತಳಕ್ಕೆ ಹೊಸ ಬೆಸುಗೆಯ ಚೆಂಡುಗಳನ್ನು ಕೂರಿಸಿ ಮತ್ತೆ ಹಾಕುವುದು ರಿಪೇರಿ ಲೋಕದಲ್ಲಿ ನಡೆಯುವುದೇ. ಸಾಮಾನ್ಯ ಬೋರ್ಡಿಗೆ ಅದರಿಂದ ತೊಂದರೆಯೂ ಇಲ್ಲ. ಆದರೆ ಹಳೆಯದನ್ನು ಹೊಸದೆಂದು ಕೊಡುವುದು ಸರಿಯಲ್ಲ. ಈ ಬೋರ್ಡಿನಲ್ಲಿ ಅದು ಬರೀ ದುಡ್ಡಿನ ವಿಷಯವಾಗಿ ಉಳಿಯಲಿಲ್ಲ. ಕಾವಲಿನ ವ್ಯವಸ್ಥೆಯೇ ಸತ್ತುಹೋಗಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

ಆ ಕೀಯನ್ನು ಹೇಗಾದರೂ ಪಡೆಯಬಹುದೇ? ಇಲ್ಲ. ಇಎಂಎಂಸಿ ಅದನ್ನು ಹೊರಗೆ ಕೊಡುವುದಿಲ್ಲ. ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ. ಲೆಕ್ಕ ಹಾಕೋಣವೆಂದರೆ ಮೊದಲಿನ ಬೋರ್ಡಿನ ಮುಖ್ಯ ಚಿಪ್ಪೇ ಬೇಕು, ಅದು ಎಲ್ಲಿದೆಯೋ.

ಸುಲಭದ ದಾರಿಗಳು ಇದ್ದವು. ವೇರಿಯಬಲ್‌ಗಳನ್ನು ಇಎಸ್‌ಪಿ ಎಂಬ ಬೂಟ್ ಫೈಲುಗಳ ಪಾರ್ಟಿಷನ್ನಿನಲ್ಲಿ ಒಂದು ಫೈಲಿನಲ್ಲಿ ಇಡಲು ಯು-ಬೂಟ್ ಒಪ್ಪುತ್ತದೆ. ಕಲಿಯುವವರಿಗೆ, ಮನೆಯ ಪ್ರಾಜೆಕ್ಟಿಗೆ ಅದು ಸಾಕು. ಆದರೆ ಲಿನಕ್ಸಿನಲ್ಲಿ ರೂಟ್ ಅಧಿಕಾರ ಸಿಕ್ಕ ಯಾರು ಬೇಕಾದರೂ ಆ ಫೈಲನ್ನು ತಿದ್ದಬಹುದು, ಅಳಿಸಬಹುದು. ಅಮೋನಿಯಾ ಕಂಪ್ರೆಸರಿನ ಪಕ್ಕ ಕೂತು 4ಜಿಗೆ ತೆರೆದುಕೊಂಡಿರುವ ಬೋರ್ಡಿಗೆ ಅದನ್ನು ಹಾಕಲು ನನಗೆ ಮನಸ್ಸು ಬರಲಿಲ್ಲ. ಆಪ್-ಟೀಯಲ್ಲಿ ಪರೀಕ್ಷಾ ಕೀ ಬಳಸುವ ಆಯ್ಕೆಯೂ ಇದೆ. ಆ ಕೀ ಎಲ್ಲರೂ ನೋಡಬಹುದಾದ ಸೋರ್ಸಿನಲ್ಲೇ ಇದೆ, ಮೇಜಿನ ಮೇಲಿನ ಕೆಲಸಕ್ಕೆ ಮಾತ್ರ. ಹಾಗಾಗಿ ಯಾರೂ ಬಳಸದ ಇಎಂಎಂಸಿಯನ್ನೇ ಹಾಕಬೇಕು.

ಹೊಸ ಚಿಪ್, ಮಳೆಗಾಲದಲ್ಲಿ

ಬೆಂಗಳೂರಿನ ಅಧಿಕೃತ ವಿತರಕರಿಂದ ಚಿಪ್ ತರಿಸಿದೆ. ಬೆಲೆ ಜಾಸ್ತಿ, ಆದರೆ ಇಲ್ಲಿ ಉಳಿಸಲು ಹೋಗಬಾರದು. ಬೋರ್ಡಿಗೆ ಬೆಸೆಯುವ ಮುಂಚೆಯೇ ಪರೀಕ್ಷೆ ಮಾಡಿದೆ. ಸಾಮಾನ್ಯ ಯುಎಸ್‌ಬಿ ಕಾರ್ಡ್ ರೀಡರಿನಲ್ಲಿ ಆರ್‌ಪಿಎಂಬಿ ಕಾಣುವುದಿಲ್ಲ, ಆ ಆಜ್ಞೆಗಳು ಅದನ್ನು ದಾಟಿ ಹೋಗುವುದಿಲ್ಲ. ಇಎಂಎಂಸಿ ಸಾಕೆಟನ್ನು ಎಸ್‌ಡಿ ಅಡಾಪ್ಟರ್ ಮೂಲಕ ಒಂದು ಸಿಂಗಲ್ ಬೋರ್ಡ್ ಕಂಪ್ಯೂಟರಿನ ಎಸ್‌ಡಿ ಸ್ಲಾಟಿಗೆ ಸೇರಿಸಿ ಓದಿದೆ. ಕೋಡ್ 7 ಬಂತು, ಸವೆತ 1. ಇದು ನಿಜವಾಗಿಯೂ ಹೊಸದು.

ಜುಲೈ ತಿಂಗಳ ಮಂಗಳೂರಿನ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ಯಾಕೆಟ್ ಒಡೆದು ಬಿಟ್ಟ ಚಿಪ್ ತೇವ ಹೀರುತ್ತದೆ. ಬಿಸಿಗಾಳಿ ತಾಗಿದಾಗ ಒಳಗಿನ ತೇವ ಆವಿಯಾಗಿ ಚಿಪ್ ಒಡೆಯುತ್ತದೆ. ಅದಕ್ಕೆ 125 ಡಿಗ್ರಿಯಲ್ಲಿ ಬೇಕ್ ಮಾಡಿ ಒಣಗಿಸಿದೆ. ರೀಲಿನ ಪ್ಲಾಸ್ಟಿಕ್ ಆ ಶಾಖ ತಡೆಯುವುದಿಲ್ಲ, ಲೋಹದ ತಟ್ಟೆಗೆ ತೆಗೆದಿಡಬೇಕು. ಬೋರ್ಡನ್ನೂ ಕಡಿಮೆ ಶಾಖದಲ್ಲಿ ಒಣಗಿಸಿದೆ. ಇದು ಬಿಜಿಎ, ಅಂದರೆ ತಳದಲ್ಲಿ ಬೆಸುಗೆಯ ಚೆಂಡುಗಳಿರುವ ಚಿಪ್; ಒಟ್ಟು 153 ಚೆಂಡು, ಚೆಂಡಿನಿಂದ ಚೆಂಡಿಗೆ ಅರ್ಧ ಮಿಲಿಮೀಟರ್. ಪಕ್ಕದ ಭಾಗಗಳಿಗೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಹಚ್ಚಿ, ಕೆಳಗಿನಿಂದ ಪ್ರಿಹೀಟರ್ ಕೊಟ್ಟು, ಹಳೆಯದನ್ನು ಎತ್ತಿ, ಪ್ಯಾಡುಗಳನ್ನು ಬೆಸುಗೆ ಹೀರುವ ತಾಮ್ರದ ಬತ್ತಿಯಿಂದ ಒರೆಸಿ, ಫ್ಲಕ್ಸ್ ಹಾಕಿ ಹೊಸದನ್ನು ಕೂರಿಸಿದೆ. ಸೀಸವಿಲ್ಲದ ಬೆಸುಗೆ 217 ಡಿಗ್ರಿಯ ಸುತ್ತ ಕರಗುತ್ತದೆ. ಚಿಪ್ ತಾನೇ ತನ್ನ ಜಾಗಕ್ಕೆ ಸರಿಯುವುದು ಕಣ್ಣಿಗೆ ಕಾಣುತ್ತದೆ.

ಬೂಟ್‌ಲೋಡರನ್ನು ಬೂಟ್ ಪಾರ್ಟಿಷನ್ನಿಗೆ ಹಾಕಿ, ಅದರಿಂದ ಬೂಟ್ ಆಗುವಂತೆ ಇಎಂಎಂಸಿಗೆ ಹೇಳಿದ್ದು ಮಾಮೂಲಿ ಕೆಲಸ. ಕೀ ಬರೆಯುವುದು ಮಾಮೂಲಿ ಅಲ್ಲ. ಅದಕ್ಕೆ ಬೇರೆಯೇ ಒಂದು ಇಮೇಜ್ ಇಟ್ಟಿದ್ದೇನೆ. ಕೀ ಬರೆಯುವ ಆಯ್ಕೆ ಆ ಇಮೇಜಿನಲ್ಲಿ ಮಾತ್ರ ಆನ್. ಕಾರಣ ಇದು: ಕೀ ಬರೆಯುವ ಆ ಒಂದು ಸಲ ಅದು ತಂತಿಯ ಮೇಲೆ ಮುಚ್ಚುಮರೆ ಇಲ್ಲದೆ ಹೋಗುತ್ತದೆ. ದಿನಬಳಕೆಯ ಇಮೇಜಿನಲ್ಲಿ ಆಯ್ಕೆ ಆನ್ ಇದ್ದರೆ, ಖಾಲಿ ಚಿಪ್ಪನ್ನು ಅಣಕಿಸುವ ಸಾಧನವೊಂದನ್ನು ಜೋಡಿಸಿ ಯಾರಾದರೂ ಕೀ ಕದಿಯಬಹುದು. ಬರೆಯುವ ಮೊದಲು ಫ್ಯೂಸ್ ಸುಟ್ಟಿದೆಯೇ, ಎಚ್‌ಯುಕೆ ನಿಜವಾದದ್ದೇ ಎಂದು ಮತ್ತೊಮ್ಮೆ ನೋಡಿದೆ. ಪ್ಲಾಟ್‌ಫಾರ್ಮಿನವರು ಎಚ್‌ಯುಕೆ ಓದುವ ಕೋಡ್ ಬರೆಯದಿದ್ದರೆ ಆಪ್-ಟೀ ಬರೀ ಸೊನ್ನೆಗಳನ್ನು ಬಳಸುತ್ತದೆ. ಎಲ್ಲವೂ ಓಡುತ್ತದೆ, ಗುಟ್ಟು ಮಾತ್ರ ಇರುವುದಿಲ್ಲ.

ಕೀ ಬರೆದ ಮೇಲೆ ಮಾಮೂಲಿ ಇಮೇಜ್ ಹಾಕಿ ಪವರ್ ಕೊಟ್ಟೆ. ಯುಇಎಫ್‌ಐ ಶುರುವಾಯಿತು. ವೇರಿಯಬಲ್ ಸಂಗ್ರಹ ತಾನೇ ತಯಾರಾಯಿತು, ಕೌಂಟರ್ ಏರಿತು. ಪಿಕೆ, ಕೆಇಕೆ, ಡಿಬಿ ಸೇರಿಸಿದೆ. ಬೂಟ್‌ಆರ್ಡರ್ ಬದಲಿಸಿ, ಪ್ಲಗ್ ಕಿತ್ತು, ಮತ್ತೆ ಹಾಕಿ ನೋಡಿದೆ. ಬದಲಾವಣೆ ಉಳಿದಿತ್ತು. ಬರೆಯುವ ಹೊತ್ತಿಗೇ ಪವರ್ ಕತ್ತರಿಸುವ ಪರೀಕ್ಷೆಯನ್ನು ರಿಲೇ ಇಟ್ಟು ರಾತ್ರಿಯಿಡೀ ನಡೆಸಿದೆ. ಮಲ್ಪೆಯಲ್ಲಿ ಮಳೆಗಾಲದ ಕರೆಂಟಿಗೆ ಇದು ಬೇಕೇ ಬೇಕು. ವೇರಿಯಬಲ್ಲಿನ ಹಳೇ ಮೌಲ್ಯ ಇಲ್ಲವೇ ಹೊಸ ಮೌಲ್ಯ, ಎರಡರಲ್ಲೊಂದು ಯಾವಾಗಲೂ ಸಿಕ್ಕಿತು. ಅರ್ಧಂಬರ್ಧ ಬರೆದದ್ದು ಒಮ್ಮೆಯೂ ಕಾಣಲಿಲ್ಲ.

ಲಿನಕ್ಸಿನ ಒಳಗಿಂದ ವೇರಿಯಬಲ್ ಬರೆಯುವುದಕ್ಕೆ ಇನ್ನೊಂದು ಸಂಗತಿ ಗೊತ್ತಿರಲಿ. ಇಎಂಎಂಸಿ ಲಿನಕ್ಸಿನ ಕೈಯಲ್ಲಿ ಇರುವುದರಿಂದ ಆಪ್-ಟೀ ನೇರವಾಗಿ ಅದನ್ನು ಮುಟ್ಟುವುದಿಲ್ಲ. ಸಹಿ ಹಾಕಿದ ಫ್ರೇಮನ್ನು ಲಿನಕ್ಸಿಗೆ ಕೊಟ್ಟು ಒಯ್ಯಲು ಹೇಳುತ್ತದೆ. ಒಯ್ಯುವುದು ಟೀ-ಸಪ್ಲಿಕೆಂಟ್ ಎಂಬ ಪ್ರೋಗ್ರಾಮ್. ಅದನ್ನು ಬಿಲ್ಡ್ ಮಾಡುವಾಗ ಆರ್‌ಪಿಎಂಬಿ ಎಮ್ಯುಲೇಷನ್ (ನಿಜವಾದ ಆರ್‌ಪಿಎಂಬಿ ಬದಲು ಅಣಕು) ಡಿಫಾಲ್ಟಾಗಿ ಆನ್ ಇರಬಹುದು. ಹಾಗೇ ಬಿಟ್ಟರೆ ಎಲ್ಲ ರ‍್ಯಾಮಿಗೆ ಬರೆದು ಸರಿಯಾಯಿತು ಎನ್ನುತ್ತದೆ, ರೀಬೂಟ್ ಆದ ಕೂಡಲೇ ಎಲ್ಲ ಮಾಯ. ವೇರಿಯಬಲ್‌ಗಳು ಪ್ರತಿ ಸಲ ಮಾಯವಾಗುತ್ತವೆ ಎನ್ನುವವರು ಮೊದಲು ಇದನ್ನೇ ನೋಡಿ. ಲಿನಕ್ಸ್ 6.12ರಿಂದ ಕರ್ನಲ್ಲಿನಲ್ಲೇ ಆರ್‌ಪಿಎಂಬಿ ವ್ಯವಸ್ಥೆ ಬಂದಿದೆ. ಅದಕ್ಕೆ ಹೊಂದುವ ಆಪ್-ಟೀ ಇದ್ದರೆ ಈ ಕೆಲಸಕ್ಕೆ ಸಪ್ಲಿಕೆಂಟಿನ ಹಂಗಿಲ್ಲ. ನಮ್ಮ ಮುಂದಿನ ಅಪ್‌ಡೇಟಿನಲ್ಲಿ ಅದಕ್ಕೇ ಹೋಗುತ್ತೇವೆ.

ಬೂಟ್ ಸ್ಕ್ರಿಪ್ಟಿನ ಬದಲಿ ದಾರಿಯನ್ನು ತೆಗೆಯಲಿಲ್ಲ. ಐಸ್ ಪ್ಲಾಂಟಿನಲ್ಲಿ ಟ್ಯಾಂಕಿನ ಉಷ್ಣತೆ ಕಾಣದಂತಾಗುವುದು ಯಾರಿಗೂ ಬೇಡ. ಆದರೆ ಆ ದಾರಿಯಲ್ಲಿ ಬೂಟ್ ಆದರೆ ಈಗ ಬೋರ್ಡಿನ ಕೆಂಪು ಎಲ್‌ಇಡಿ ಹೊತ್ತಿಕೊಳ್ಳುತ್ತದೆ, ಮಾಲೀಕರ ಫೋನಿಗೂ ನಮಗೂ ಎಚ್ಚರಿಕೆ ಬರುತ್ತದೆ. ಬೋರ್ಡು ಕೂರಿಸುವಾಗಲೇ ಸಿಐಡಿ ಮತ್ತು ಕೌಂಟರನ್ನು ನಮ್ಮ ದಾಖಲೆಯಲ್ಲಿ ಬರೆದಿಡುತ್ತೇವೆ. ಡಬ್ಬಿಯ ಒಳಗೆ ಒಂದು ಚೀಟಿಯನ್ನೂ ಅಂಟಿಸಿದ್ದೇನೆ: ಇಎಂಎಂಸಿ ಬದಲಿಸುವುದಾದರೆ ಬಳಸದ ಚಿಪ್ ಮಾತ್ರ, ಮೊದಲು ನಮಗೆ ಫೋನ್ ಮಾಡಿ.

ಬೋರ್ಡು ಮಲ್ಪೆಗೆ ವಾಪಸ್ ಹೋಗಿ ಕೂತಿದೆ. ಎರಡನೇ ಸ್ಲಾಟಿನಿಂದ ಹೊಸ ಆವೃತ್ತಿ ಓಡುತ್ತಿದೆ, ಆಪರೇಟರ್ ಸ್ಕ್ರೀನಿನ ಫೋಟೋ ಕಳಿಸಿದ್ದಾರೆ. ಅದೇ ಅಂಗಡಿಯಲ್ಲಿ ಚಿಪ್ ಬದಲಿಸಿದ ಇನ್ನೊಂದು ಬೋರ್ಡು ಗಂಗೊಳ್ಳಿಯಲ್ಲಿ ಇದೆ ಎಂದು ಈಗ ತಿಳಿಯಿತು. ದೂರದಿಂದಲೇ ಲಾಗಿನ್ ಆಗಿ ಅದರ ಕೌಂಟರ್ ಓದಿದೆ. ಅಲ್ಲೂ 7 ಬರಲಿಲ್ಲ. ಆಗಸ್ಟ್ 1ಕ್ಕೆ ಬೋಟುಗಳು ಹೊರಡುವ ಮುಂಚೆ ಅದನ್ನೂ ಬಿಚ್ಚಿ ತರಬೇಕು, ಎರಡನೇ ಚಿಪ್ಪಿಗೆ ಆರ್ಡರ್ ಹಾಕಿ ಆಗಿದೆ.